ಕ್ಯಾಶಾ, ಇನ್ಶೂರೆನ್ಸಾ?

ಜ್ವರ ಅಂತ ನಿನ್ನೆ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಕೌಂಟರ್‌ನಲ್ಲಿ ಮೊದಲು ಕೇಳಿದ್ದೇ, "ಕ್ಯಾಶಾ, ಕಂಪನಿ ಇನ್ಶೂರೆನ್ಸಾ?" ಇನ್ಶೂರೆನ್ಸ್ ಕಾರ್ಡ್ ಕೊಟ್ಟೆ. ಅಡ್ಮಿಟ್, ಸಿಂಗಲ್ ರೂಮ್, ಸ್ಕ್ಯಾನ್, ಎಲ್ಲದಕ್ಕೂ ಹೂಂ ಅಂದೆ. ಬೆಲೆ ಕೇಳಲೇ ಇಲ್ಲ.

ಪಕ್ಕದಲ್ಲಿ ಒಬ್ಬರು 500ರ ನೋಟು ಎಣಿಸುತ್ತಿದ್ದರು. ಕಟ್ಟಿನ ರಬ್ಬರ್ ಬ್ಯಾಂಡ್ ಬೆರಳಿಗೆ ಸುತ್ತಿಕೊಂಡಿದ್ದರು. "ಈ ಸ್ಕ್ಯಾನ್ ಇವತ್ತೇ ಬೇಕಾ ಮೇಡಂ?" ಅಂದರು. ಆ ಪ್ರಶ್ನೆ ನಾನೂ ಕೇಳಬೇಕಿತ್ತು ಅಲ್ವಾ?

ಅಮೆರಿಕದಲ್ಲಿ 1974ರಿಂದ 1982ರವರೆಗೆ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಇದನ್ನೇ ಪರೀಕ್ಷೆ ಮಾಡಿ ನೋಡಿತ್ತು. ಚಿಕಿತ್ಸೆ ಪೂರ್ತಿ ಉಚಿತ ಇದ್ದವರು, ಕೈಯಿಂದ ಕೊಡಬೇಕಾದವರಿಗಿಂತ ಜಾಸ್ತಿ ಖರ್ಚು ಮಾಡಿದರು. ಹೆಚ್ಚಿನವರ ಆರೋಗ್ಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಬಡವರಲ್ಲಿ ಬಿಪಿ ಇದ್ದವರಿಗೆ ಉಚಿತ ಚಿಕಿತ್ಸೆ ನಿಜಕ್ಕೂ ಒಳ್ಳೆಯದು ಮಾಡಿತ್ತು. ಹಾಗಾಗಿ ಇನ್ಶೂರೆನ್ಸೇ ಬೇಡ ಅನ್ನಲಾರೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಬಹಳಷ್ಟು ಪಾಲಿಸಿಗಳಲ್ಲಿ ಸಾಮಾನ್ಯವಾಗಿ 24 ಗಂಟೆ ಅಡ್ಮಿಟ್ ಆದರೇ ದುಡ್ಡು ಬರುವುದು. ಬಂದು ಹೋಗಿ ಮುಗಿಯುವ ಚಿಕಿತ್ಸೆಗೂ ಜನ ಸುಮ್ನೆ ಅಡ್ಮಿಟ್ ಆಗುತ್ತಾರೆ. ಕ್ಲೇಮ್ ಜಾಸ್ತಿಯಾದರೆ ಮುಂದಿನ ವರ್ಷ ನಮ್ಮ ಕಂಪನಿ ಕಟ್ಟುವ ಪ್ರೀಮಿಯಂ ಏರುತ್ತದೆ. ಅದೂ ಕೊನೆಗೆ ನಮ್ಮ ಸಂಬಳದ ಲೆಕ್ಕಕ್ಕೇ ಬರುವ ದುಡ್ಡು.

ಅಪ್ಪ ಈಗ ಇಡ್ಲಿ ತಿಂದು ಮಲಗಿದ್ದಾರೆ. ಬೆಳಿಗ್ಗೆ ಬಿಲ್ ಕೇಳಿ ಪಡೆದು, ಒಂದೊಂದು ಸಾಲೂ ಓದುತ್ತೇನೆ.