ಲೆಕ್ಕ ಮುಗಿದ ಮೇಲಿನ ಒಂದು ವಾಕ್ಯ

ಮಂಡ್ಯದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುತ್ತಿರುವ ನಾನು ಶನಿವಾರ ಅರ್ಧ ದಿನದ ಪಾಠಗಳು ಮುಗಿದ ಮೇಲೆ, ಮಧ್ಯಾಹ್ನ ಒಂದೂವರೆಯಿಂದ ಮೂರೂವರೆಯವರೆಗೆ, ಹೆಚ್ಚುವರಿ ತರಗತಿಯೊಂದನ್ನು ನಡೆಸುತ್ತ ಬಂದಿದ್ದೇನೆ. ಮೊದಮೊದಲು ಅದನ್ನು ವಾರದ ಪಾಠದ ಪುನರಾವರ್ತನೆ ಎಂದೇ ತಿಳಿದಿದ್ದೆ. ಸೋಮವಾರ ಬರೆದ ಸೂತ್ರವನ್ನೇ ಶನಿವಾರ ಇನ್ನಷ್ಟು ನಿಧಾನವಾಗಿ ಬರೆಯುವುದು, ಅದೇ ಬಗೆಯ ಇನ್ನೆರಡು ಲೆಕ್ಕಗಳನ್ನು ಮಾಡಿಸುವುದು, ಇಷ್ಟೇ ನಡೆಯುತ್ತಿತ್ತು. ಒಂದು ದಿನ ಕೆರಗೋಡಿನ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಪುಸ್ತಕವನ್ನು ನನ್ನ ಮುಂದಿಟ್ಟು, "ಮೇಡಂ, ಲೆಕ್ಕ ಎಲ್ಲಾ ಬತ್ತದೆ. ಉತ್ತರ ಬಂದ್ಮೇಲೆ ಕೊನೇಲಿ ಏನ್ ಬರೀಬೇಕು ಅನ್ನೋದೇ ಗೊತ್ತಾಗಲ್ಲ" ಎಂದಳು. ಆ ಮಾತನ್ನು ಕೇಳಿದ ಮೇಲೆ ಶನಿವಾರದ ತರಗತಿಯನ್ನು ನಾನು ಮತ್ತೆ ಹಳೆಯ ರೀತಿಯಲ್ಲಿ ನಡೆಸಿಲ್ಲ.

ಅವಳ ಪುಸ್ತಕದಲ್ಲಿ ತಪ್ಪೇ ಇರಲಿಲ್ಲ. ಸರಾಸರಿ, ಮಾನಕ ವಿಚಲನೆ, ಟಿ ಬೆಲೆ, ಕೋಷ್ಟಕದ ಬೆಲೆ ಎಲ್ಲವೂ ಸರಿಯಾಗಿದ್ದವು. ಕೊನೆಯ ಸಾಲಿನಲ್ಲಿ ಮಾತ್ರ, ಗೈಡಿನಿಂದ ಬಾಯಿಪಾಠ ಮಾಡಿದ ಇಂಗ್ಲಿಷ್ ವಾಕ್ಯವೊಂದು ಪ್ರತಿ ಲೆಕ್ಕದ ಕೆಳಗೂ ಅಕ್ಷರ ಬದಲಾಗದೆ ಕುಳಿತಿತ್ತು: ನಲ್ ಹೈಪಾಥಿಸಿಸ್ಸನ್ನು, ಅಂದರೆ ಪರೀಕ್ಷೆಗೆ ಇಟ್ಟ ಊಹೆಯನ್ನು, ಒಪ್ಪಲಾಗಿದೆ, ಅಥವಾ ತಿರಸ್ಕರಿಸಲಾಗಿದೆ. ಒಪ್ಪಿದವರು ಯಾರು, ಯಾವುದನ್ನು ಒಪ್ಪಿದರು, ಒಪ್ಪಿದ್ದರಿಂದ ಆ ಗೊಬ್ಬರದ ಬಗ್ಗೆಯೋ ಆ ಔಷಧದ ಬಗ್ಗೆಯೋ ನಮಗೆ ತಿಳಿದದ್ದೇನು ಎಂದು ಕೇಳಿದರೆ ಅವಳಲ್ಲಿ ಉತ್ತರವಿರಲಿಲ್ಲ. ಇತರರ ಪುಸ್ತಕಗಳನ್ನೂ ತೆರೆದು ನೋಡಿದೆ. ಒಳ್ಳೆಯ ಅಂಕ ತೆಗೆಯುವವರಲ್ಲಿಯೂ ಸ್ಥಿತಿ ಬೇರೆಯಾಗಿರಲಿಲ್ಲ. ಲೆಕ್ಕದವರೆಗೆ ನಾವು ಅವರನ್ನು ಕರೆತಂದು, ಅರ್ಥದ ಹೊಸ್ತಿಲಲ್ಲಿ ಕೈಬಿಟ್ಟಿದ್ದೆವು.

ಆದ್ದರಿಂದ ಶನಿವಾರದ ಎರಡು ಗಂಟೆಗಳನ್ನು ಬಹುಮಟ್ಟಿಗೆ ಆ ಕೊನೆಯ ವಾಕ್ಯಕ್ಕಾಗಿಯೇ ಮೀಸಲಿಟ್ಟಿದ್ದೇನೆ. ಹೊರಗಿನವರಿಗೆ ಇದು ಸಣ್ಣ ಕೆಲಸವೆಂದು ತೋರಬಹುದು. ಅದು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಈ ಸೆಮಿಸ್ಟರಿನಲ್ಲಿ ಮೂರು ವಾರ ನಡೆದ ಒಂದೇ ಲೆಕ್ಕವನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ.

ವಿದ್ಯಾರ್ಥಿಯೊಬ್ಬನ ಮನೆಯವರು ಆಲೆಮನೆ ನಡೆಸುತ್ತಾರೆ. ಒಂದು ಕಿಲೋ ಎಂದು ಮಾರುವ ಬೆಲ್ಲದ ಅಚ್ಚುಗಳನ್ನು ತೂಗಿ ತರಲು ಅವನಿಗೆ ಹೇಳಿದೆ. ಒಂದೇ ಕೊಪ್ಪರಿಗೆಯ ಪಾಕದಿಂದ ಎರೆದವುಗಳನ್ನಷ್ಟೇ ತೂಗಿದರೆ ಆ ಒಂದು ದಿನದ ಕೈವಾಡವಷ್ಟೇ ತಿಳಿಯುತ್ತದೆ ಎಂದು ಮೊದಲೇ ಮಾತಾಡಿಕೊಂಡಿದ್ದರಿಂದ, ಅವನು ಬೇರೆ ಬೇರೆ ದಿನಗಳಲ್ಲಿ, ಚೀಟಿ ಎತ್ತಿ ಆರಿಸಿದ 25 ಅಚ್ಚುಗಳ ತೂಕವನ್ನು ಬರೆದು ತಂದನು. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ಸ್ವಲ್ಪ ಸರಿಹೊಂದಿಸಿಕೊಂಡೆವು: ಸರಾಸರಿ 986 ಗ್ರಾಂ, ಮಾನಕ ವಿಚಲನೆ 40 ಗ್ರಾಂ.

ಮೊದಲ ವಾರವೆಲ್ಲ ಈ 40 ಎಂಬ ಸಂಖ್ಯೆಯೊಂದರಲ್ಲೇ ಕಳೆಯಿತು. ಇದು ಒಂದು ಅಚ್ಚಿಗೂ ಇನ್ನೊಂದಕ್ಕೂ ಇರುವ ಏರುಪೇರಿನ ಅಳತೆ. ಇದನ್ನು 25ರ ವರ್ಗಮೂಲವಾದ 5ರಿಂದ ಭಾಗಿಸಿದರೆ ಬರುವ 8 ಗ್ರಾಂ ಸ್ಟ್ಯಾಂಡರ್ಡ್ ಎರರ್, ಅಂದರೆ ಬೇರೆ ಬೇರೆ 25 ಅಚ್ಚುಗಳನ್ನು ಮತ್ತೆ ಮತ್ತೆ ತೂಗಿದ್ದರೆ ನಮ್ಮ ಸರಾಸರಿಗಳು ಪರಸ್ಪರ ಎಷ್ಟು ಓಲಾಡುತ್ತಿದ್ದವು ಎಂಬುದರ ಅಳತೆ. ಎರಡಕ್ಕೂ ಹೆಸರು ಹತ್ತಿರದ್ದು, ಎರಡೂ ಗ್ರಾಮಿನಲ್ಲೇ ಇರುವಂಥವು, ಆದ್ದರಿಂದ ವಿದ್ಯಾರ್ಥಿಗಳು ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯುತ್ತಾರೆ. ಹಬ್ಬಕ್ಕೆಂದು ಒಂದೇ ಅಚ್ಚು ಕೊಳ್ಳುವ ಮನೆಯವರಿಗೆ ಯಾವುದು ಮುಖ್ಯ, ಲಾರಿಗಟ್ಟಲೆ ಕೊಳ್ಳುವ ವರ್ತಕನಿಗೆ ಯಾವುದು ಮುಖ್ಯ ಎಂದು ಕೇಳಿದಾಗ ಮಾತ್ರ ಅವರು ಅದನ್ನು ಬೇರ್ಪಡಿಸಿದರು. ತನ್ನ ಪಾಲಿಗೆ ಬರುವ ಅಚ್ಚು 940 ಗ್ರಾಮೋ 1030 ಗ್ರಾಮೋ ಎಂಬುದು ಮನೆಯವರ ಚಿಂತೆ, ಅದಕ್ಕೆ 40 ಬೇಕು. ವರ್ತಕನಿಗೆ ಒಂದೊಂದು ಅಚ್ಚು ಹೇಗಿದ್ದರೂ ನಡೆಯುತ್ತದೆ, ಸರಾಸರಿ ಎಲ್ಲಿ ನಿಲ್ಲುತ್ತದೆ ಎಂಬುದೇ ಅವನ ಲಾಭನಷ್ಟ, ಅದಕ್ಕೆ 8 ಬೇಕು.

ಎರಡನೆಯ ವಾರ, ಸರಾಸರಿ ತೂಕ ನಿಜವಾಗಿ ಒಂದು ಕಿಲೋ ಹೌದೇ ಎಂಬ ಪರೀಕ್ಷೆ. 1000 ಗ್ರಾಮಿಗೂ 986ಕ್ಕೂ ಇರುವ 14 ಗ್ರಾಮಿನ ಅಂತರವನ್ನು 8ರಿಂದ ಭಾಗಿಸಿದರೆ ಟಿ ಬೆಲೆ ಮೈನಸ್ 1.75. ಡಿಗ್ರೀಸ್ ಆಫ್ ಫ್ರೀಡಂ 24ಕ್ಕೆ (ಅಚ್ಚುಗಳ ಸಂಖ್ಯೆಗಿಂತ ಒಂದು ಕಡಿಮೆ), ಐದು ಶೇಕಡ ಮಟ್ಟದಲ್ಲಿ, ಅಂದರೆ ನಿಜವಾದ ಊಹೆಯನ್ನು ತಪ್ಪಾಗಿ ತಿರಸ್ಕರಿಸುವ ಸಾಧ್ಯತೆ ನೂರಕ್ಕೆ ಐದು ಇರುವಂತೆ, ಎರಡೂ ಬದಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಕೋಷ್ಟಕದ ಬೆಲೆ 2.064. ಮೈನಸ್ ಚಿಹ್ನೆ ಬಿಟ್ಟು ನೋಡಿದರೆ ನಮ್ಮ ಬೆಲೆ ಅದನ್ನು ದಾಟಲಿಲ್ಲ, ಅಂದರೆ ಒಂದು ಕಿಲೋ ಎಂಬ ಊಹೆ ತಿರಸ್ಕೃತವಾಗಲಿಲ್ಲ. ತಕ್ಷಣ ತರಗತಿಯ ಮುಕ್ಕಾಲು ಪಾಲು ವಿದ್ಯಾರ್ಥಿಗಳು "ಅಚ್ಚಿನ ಸರಾಸರಿ ತೂಕ ಒಂದು ಕಿಲೋ ಎಂದು ಸಾಬೀತಾಗಿದೆ" ಎಂದು ಬರೆದರು. ನಾನು ಹೇಳಲಿಲ್ಲ, ಕೇಳಿದೆ: ಸರಾಸರಿ 995 ಗ್ರಾಂ ಇರಬಹುದೇ ಎಂದು ಇದೇ ಅಂಕಿಗಳಿಂದ ಪರೀಕ್ಷಿಸಿ ನೋಡಿ. ಅದೂ ತಿರಸ್ಕೃತವಾಗಲಿಲ್ಲ. 980ನ್ನು ನೋಡಿ ಎಂದೆ. ಅದೂ ಆಗಲಿಲ್ಲ. ಹಾಗಾದರೆ ಮೂರೂ ಏಕಕಾಲಕ್ಕೆ ಸಾಬೀತಾದವೇ? ಸುಮಾರು ಐದು ನಿಮಿಷ ಯಾರೂ ಮಾತಾಡಲಿಲ್ಲ. ಆ ಮೌನದಲ್ಲಿ ಬಾಯಿ ಹಾಕದೆ ಕೂರುವುದು ಶಿಕ್ಷಕರಿಗೆ ಬಹಳ ಕಷ್ಟದ ಕೆಲಸವೆಂದು ನನಗೆ ಈಗ ತಿಳಿದಿದೆ. 969.5ರಿಂದ 1002.5 ಗ್ರಾಮಿನವರೆಗಿನ ಯಾವ ಬೆಲೆಯನ್ನೂ ಈ 25 ಅಚ್ಚುಗಳು ತಳ್ಳಿಹಾಕಲಾರವು, ಶೇಕಡ 95ರ ಕಾನ್ಫಿಡೆನ್ಸ್ ಇಂಟರ್ವಲ್ ಎಂದು ತಾವು ಬೇರೆ ಅಧ್ಯಾಯದಲ್ಲಿ ಕಲಿತದ್ದು ಇದನ್ನೇ, ಎಂದು ಕೊನೆಗೆ ಅವರೇ ಕಂಡುಕೊಂಡರು. ಪಠ್ಯದಲ್ಲಿ ಆ ಎರಡು ಅಧ್ಯಾಯಗಳ ನಡುವೆ ಅರವತ್ತು ಪುಟಗಳ ಅಂತರವಿದೆ.

ಅದೇ ದಿನ, ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗನೊಬ್ಬ ಕೋಷ್ಟಕದ ಪಕ್ಕದ ಕಂಬಸಾಲನ್ನು ನೋಡುತ್ತಿದ್ದವನು, "ಮೇಡಂ, ಒನ್ ಟೇಲ್ಡ್ ಟೆಸ್ಟ್ ಮಾಡಿದ್ರೆ 1.711 ಅಲ್ವಾ? ಆಗ ರಿಜೆಕ್ಟ್ ಆಗೋಗ್ತದೆ" ಎಂದನು. ಹೌದು, ಒಂದೇ ಬದಿಯನ್ನು, ಅಂದರೆ ತೂಕ ಕಡಿಮೆಯಿದೆಯೇ ಎಂಬುದನ್ನಷ್ಟೇ, ನೋಡಿದರೆ ಊಹೆ ತಿರಸ್ಕೃತವಾಗುತ್ತದೆ. ಅದೇ ಅಚ್ಚುಗಳು, ಅದೇ ತೂಕ, ತೀರ್ಮಾನ ಮಾತ್ರ ತಿರುವುಮುರುವು. ತರಗತಿಯಲ್ಲಿ ಒಂದು ಬಗೆಯ ಅಸಮಾಧಾನವೇ ಹಬ್ಬಿತು. ಹಾಗಾದರೆ ಈ ಶಾಸ್ತ್ರಕ್ಕೆ ನಿಯತ್ತಿಲ್ಲವೇ ಎಂಬ ಧಾಟಿಯಲ್ಲಿ ಪ್ರಶ್ನೆಗಳು ಬಂದವು. ಅವು ನ್ಯಾಯವಾದ ಪ್ರಶ್ನೆಗಳು, ಅವುಗಳಿಗೆ ಪೂರ್ತಿ ಒಂದು ಗಂಟೆ ಕೊಡಲೇಬೇಕಿತ್ತು. ಕೊಳ್ಳುವವರಿಗೆ ತೂಕ ಕಡಿಮೆಯಿದೆಯೇ ಎಂಬುದಷ್ಟೇ ಪ್ರಶ್ನೆ, ಹೆಚ್ಚಿದ್ದರೆ ಅವರಿಗೆ ತಕರಾರಿಲ್ಲ. ಆಲೆಮನೆಯವರಿಗಾದರೋ ಕಡಿಮೆಯಾದರೆ ಹೆಸರು ಕೆಡುತ್ತದೆ, ಹೆಚ್ಚಾದರೆ ಕೈಯಿಂದ ಹೋಗುತ್ತದೆ, ಆದ್ದರಿಂದ ಅವರು ಎರಡೂ ಬದಿಯನ್ನು ನೋಡಬೇಕು. ಯಾರ ಪರವಾಗಿ, ಯಾವ ಪ್ರಶ್ನೆ ಕೇಳುತ್ತಿದ್ದೇವೆ ಎಂಬುದನ್ನು ತಕ್ಕಡಿ ಮುಟ್ಟುವ ಮೊದಲೇ ನಿರ್ಧರಿಸಿ ಬರೆದಿಡಬೇಕು. ತೂಗಿ ನೋಡಿದ ಮೇಲೆ ತನಗೆ ಬೇಕಾದ ಕಂಬಸಾಲನ್ನು ಆರಿಸಿಕೊಳ್ಳುವುದು ಮೋಸ. ನಾನು ಈ ಪದವನ್ನೇ ಬಳಸಿದೆ, ಏಕೆಂದರೆ ಪ್ರಾಜೆಕ್ಟ್ ವರದಿಗಳಲ್ಲಿ ಈ ಮೋಸ ನಡೆಯುತ್ತದೆ, ಮಾಡುವವರಿಗೆ ಅದು ಮೋಸವೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ.

ಪಿ ಬೆಲೆಯ ವಿಷಯವೂ ಅಲ್ಲಿಯೇ ಬಂತು. ಎರಡೂ ಬದಿಯ ಪರೀಕ್ಷೆಯಲ್ಲಿ ಅದು ಸುಮಾರು 0.09. ಇದರರ್ಥ ಸರಾಸರಿ ಒಂದು ಕಿಲೋ ಇರುವ ಸಂಭವನೀಯತೆ ಶೇಕಡ ಒಂಬತ್ತು ಎಂದಲ್ಲ. ಸರಾಸರಿ ನಿಜಕ್ಕೂ ಒಂದು ಕಿಲೋ ಆಗಿದ್ದರೂ, ಇಷ್ಟು ಅಥವಾ ಇದಕ್ಕಿಂತ ದೂರ ಸರಿದ ಟಿ ಬೆಲೆ ಬರೀ ಆಕಸ್ಮಿಕವಾಗಿ ಸಿಗುವ ಸಾಧ್ಯತೆ ನೂರಕ್ಕೆ ಒಂಬತ್ತರಷ್ಟಿದೆ ಎಂದರ್ಥ. 'ಆಗಿದ್ದರೂ' ಎಂಬ ಆ ಒಂದು ಪದವನ್ನು ಕನ್ನಡದಲ್ಲಿ ಹೇಳಿಸಿದಾಗ ವಿದ್ಯಾರ್ಥಿಗಳಿಗೆ ವ್ಯತ್ಯಾಸ ಹೊಳೆಯಿತು. ಇಂಗ್ಲಿಷಿನ ವಾಕ್ಯವನ್ನು ಅವರು ಎಷ್ಟೋ ಬಾರಿ ಓದಿದ್ದರೂ ಆ ಪದದ ಮೇಲೆ ಕಣ್ಣು ನಿಂತಿರಲಿಲ್ಲ. ಪರೀಕ್ಷೆಯನ್ನು ಅವರು ಇಂಗ್ಲಿಷಿನಲ್ಲೇ ಬರೆಯುತ್ತಾರೆ, ಬರೆಯಲಿ. ಆದರೆ ಮೊದಲು ಮನೆಮಾತಿನಲ್ಲಿ ಹೇಳಲಾಗದ ತೀರ್ಮಾನವನ್ನು ಇಂಗ್ಲಿಷಿನಲ್ಲಿ ಬರೆಯಲು ನಾನು ಶನಿವಾರ ಬಿಡುವುದಿಲ್ಲ.

ಸಣ್ಣ ಸ್ಯಾಂಪಲ್ಲುಗಳ ಈ ಕಷ್ಟವನ್ನು ಮೊದಲು ಬಿಡಿಸಿದವರು ಡಬ್ಲಿನ್ನಿನ ಗಿನ್ನೆಸ್ ಬಿಯರ್ ತಯಾರಿಕೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗೊಸೆಟ್, 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಬರೆದ ಲೇಖನದಿಂದ. ಕೈಯಲ್ಲಿ ನಾಲ್ಕಾರು ಅಳತೆಗಳಷ್ಟೇ ಇರುವಾಗ ಏನು ಹೇಳಬಹುದು ಎಂಬುದು ಅವರ ದಿನನಿತ್ಯದ ಕೆಲಸದ ಪ್ರಶ್ನೆಯಾಗಿತ್ತು. ಬೆಲ್ಲ ತೂಗಿದ ಮಕ್ಕಳಿಗೆ ಇದು ಬೇಗ ಅರ್ಥವಾಯಿತು. ಅವರ ಪಠ್ಯದಲ್ಲೇ ಬರುವ, ಅಂದಾಜು ಎಷ್ಟು ನಿಖರವಾಗಿರಬಲ್ಲದು ಎಂಬುದರ ಮಿತಿ ಹೇಳುವ ಕ್ರೇಮರ್–ರಾವ್ ಅಸಮಾನತೆಯ ರಾವ್ ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಎಂದೂ, ಅದನ್ನು ಪ್ರಕಟಿಸಿದ 1945ರಲ್ಲಿ ಅವರಿಗೆ 25ರ ಆಸುಪಾಸಿನ ವಯಸ್ಸೆಂದೂ ತಿಳಿಸಿದಾಗ, ಆ ಹೆಸರನ್ನು ಯಾವುದೋ ದೇಶದ್ದೆಂದು ತಿಳಿದಿದ್ದವರು ಪುಟ ತಿರುವಿ ಮತ್ತೊಮ್ಮೆ ನೋಡಿದರು.

ಎಲ್ಲ ಉದಾಹರಣೆಗಳೂ ಹೀಗೆ ಸರಿಯಾಗಿ ಕೂರುವುದಿಲ್ಲ. ಉತ್ಸಾಹಗೊಂಡ ಒಬ್ಬಳು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ಪತ್ರಿಕೆಯಿಂದ ಮೂವತ್ತು ದಿನ ಬರೆದುಕೊಂಡು, ಅದಕ್ಕೂ ಇದೇ ಸೂತ್ರ ಹಚ್ಚಿ ಇಂಟರ್ವಲ್ ಕಂಡುಹಿಡಿದು ತಂದಳು. ಗರಿಷ್ಠ ಮಟ್ಟ 124.80 ಅಡಿ ಎಂಬುದು ಮಂಡ್ಯದ ಮಕ್ಕಳಿಗೆಲ್ಲ ಬಾಯಿಗೆ ಬರುತ್ತದೆ. ಆದರೆ ಇಂದಿನ ಮಟ್ಟ ನಿನ್ನೆಯದರ ಬೆನ್ನಿಗೇ ಇರುತ್ತದೆ, ಆದ್ದರಿಂದ ಆ ಮೂವತ್ತು ಅಂಕಿಗಳು ಮೂವತ್ತು ಬೇರೆ ಬೇರೆ ಸುದ್ದಿಗಳಲ್ಲ. ವರ್ಗಮೂಲದಿಂದ ಭಾಗಿಸುವ ನಿಯಮವು ಅಳತೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬಂದಾಗಲಷ್ಟೇ ನಿಲ್ಲುತ್ತದೆ. ಅವಳ ಉತ್ತರ ತಪ್ಪಾದರೂ ಆ ತಪ್ಪಿನಿಂದ ತರಗತಿಗೆ ಆದ ಲಾಭ ದೊಡ್ಡದು, ಅದನ್ನು ಅವಳಿಗೆ ಎಲ್ಲರ ಮುಂದೆಯೇ ಹೇಳಿದೆ.

ಇಂಥ ತಪ್ಪುಗಳು ಹೊರಬರಬೇಕಾದರೆ ತರಗತಿಗೆ ಬರುವುದರಲ್ಲಿ ಅವಮಾನವಿರಬಾರದು. ನಾನು ಹಿಂದೆ ಕೆಲಸ ಮಾಡಿದ ಕಾಲೇಜೊಂದರಲ್ಲಿ ಪರಿಹಾರ ಬೋಧನೆ ಎಂಬ ಹೆಸರಿನಲ್ಲಿ 'ಸ್ಲೋ ಲರ್ನರ್ಸ್' ಎಂದು ಪಟ್ಟಿ ಮಾಡಿ, ಹೆಸರುಗಳನ್ನು ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದರು. ಕಡತಕ್ಕೆ ಪಟ್ಟಿ ಬೇಕು, ಹಾಜರಿ ಬೇಕು, ಫೋಟೋ ಬೇಕು. ಹೆಸರು ಅಂಟಿದ ಮಕ್ಕಳು ಬಂದು ಸಹಿ ಹಾಕಿ, ತಲೆ ತಗ್ಗಿಸಿ ಕುಳಿತು ಹೋಗುತ್ತಿದ್ದರು. ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ಅದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ, ಏಕೆಂದರೆ ಆಗ ನಾನೂ ಆ ಪಟ್ಟಿಗೆ ಹೆಸರು ಬರೆದುಕೊಟ್ಟವರಲ್ಲಿ ಒಬ್ಬಳು. ಈಗಿನ ಶನಿವಾರಕ್ಕೆ ಪಟ್ಟಿಯಿಲ್ಲ. ಯಾರು ಬೇಕಾದರೂ ಬರಬಹುದು, ಮೊದಲ ರ್‍ಯಾಂಕಿನವರೂ ಬರುತ್ತಾರೆ, ಅವರೂ ಎಡವುತ್ತಾರೆ. ಪ್ರವೇಶಕ್ಕೆ ಇರುವ ಷರತ್ತು ಒಂದೇ: ತಾನು ಎಲ್ಲಿ ನಿಂತುಹೋದೆ ಎಂಬುದನ್ನು ಒಂದು ಸಾಲಿನಲ್ಲಿ ಬರೆದು ತರಬೇಕು. 'ಏನೂ ಅರ್ಥವಾಗಿಲ್ಲ' ಎಂದು ಬರೆದವರನ್ನು ಕೂರಿಸಿಕೊಂಡು ವಿಚಾರಿಸಿದರೆ, ಹೆಚ್ಚಿನ ಬಾರಿ ಮೂಲ ತೊಂದರೆ ಬಹಳ ಹಿಂದೆ ಇರುತ್ತದೆ. ವರ್ಗಗಳ ಮೊತ್ತ ಬೇರೆ, ಮೊತ್ತದ ವರ್ಗ ಬೇರೆ ಎಂಬುದು, ಅಂದರೆ 2, 3, 5ಕ್ಕೆ ಒಂದು 38 ಆದರೆ ಇನ್ನೊಂದು 100 ಎಂಬುದು, ಮೊತ್ತವನ್ನು ಸೂಚಿಸುವ ಸಿಗ್ಮಾ ಚಿಹ್ನೆಯ ಹಿಂದೆ ಅಡಗಿ ಎರಡು ವರ್ಷ ಕಾಡಿದ್ದನ್ನು ಕಂಡಿದ್ದೇನೆ. ಕ್ಯಾಲ್ಕುಲೇಟರ್ ತೋರಿಸುವ ಎರಡು ಮಾನಕ ವಿಚಲನೆಗಳಲ್ಲಿ ಯಾವುದನ್ನು ಬರೆದುಕೊಳ್ಳಬೇಕೆಂದು ತಿಳಿಯದೆ ಕಣ್ಣಿಗೆ ಬಿದ್ದದ್ದನ್ನು ಬರೆದವರೂ ಇದ್ದಾರೆ.

ಸಮಯದ ಬಗ್ಗೆ ಒಂದು ಮಾತು. ಪಾಂಡವಪುರ, ಮದ್ದೂರು, ಬಸರಾಳಿನ ಕಡೆಯ ಮಕ್ಕಳು ಸಂಜೆಯ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕು. ಸಂಜೆ ಐದಕ್ಕೆ ತರಗತಿ ಇಟ್ಟು, ಮಕ್ಕಳಿಗೆ ಆಸಕ್ತಿಯಿಲ್ಲ ಎಂದು ದೂರುವುದು ಅನ್ಯಾಯ. ಆಂತರಿಕ ಪರೀಕ್ಷೆಯ ಹಿಂದಿನ ವಾರ ಇಡುವುದೂ ವ್ಯರ್ಥ, ಆಗ ಎಲ್ಲರಿಗೂ ಬೇಕಾಗಿರುವುದು ಬರಬಹುದಾದ ಪ್ರಶ್ನೆಗಳಷ್ಟೇ. ಸೆಮಿಸ್ಟರಿನ ಎರಡನೆಯ ವಾರದಿಂದಲೇ ಶುರುವಾಗಬೇಕು.

ಮೂರನೆಯ ವಾರ, ಅಚ್ಚುಗಳ ಸಂಖ್ಯೆ 100 ಆಗಿದ್ದು ಸರಾಸರಿ ಮತ್ತು ವಿಚಲನೆ ಇವೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿದೆವು. ಸ್ಟ್ಯಾಂಡರ್ಡ್ ಎರರ್ 4ಕ್ಕೆ ಇಳಿಯುತ್ತದೆ, ಟಿ ಬೆಲೆ ಮೈನಸ್ 3.5 ಆಗುತ್ತದೆ, ಎರಡೂ ಬದಿಯ ಪರೀಕ್ಷೆಯಲ್ಲಿಯೇ ಸರಾಸರಿ ಒಂದು ಕಿಲೋ ಎಂಬ ಊಹೆ ಬಿದ್ದುಹೋಗುತ್ತದೆ. ಹಾಗಾದರೆ ನಿಜವಾಗಿಯೂ ಇನ್ನೂ 75 ತೂಗಿ ತರುತ್ತೇನೆಂದು ಆಲೆಮನೆಯ ಹುಡುಗ ಎದ್ದು ನಿಂತನು. ಆಗ ಕೆರಗೋಡಿನ ಆ ವಿದ್ಯಾರ್ಥಿನಿಯೇ ಕೇಳಿದಳು: "ತಕ್ಕಡೀನೇ 14 ಗ್ರಾಂ ಕಮ್ಮಿ ತೋರುಸ್ತಿದ್ರೆ?" ಹಾಗಿದ್ದರೆ ನೂರಲ್ಲ, ಸಾವಿರ ತೂಗಿದರೂ ಆ ತಪ್ಪು ಒಂದು ಗ್ರಾಮಿನಷ್ಟೂ ಕರಗುವುದಿಲ್ಲ. ಇದನ್ನು ನಾನು ಹೇಳುವ ಮೊದಲೇ ಅವಳು ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಈಗ ನ್ಯಾಯಬೆಲೆ ಅಂಗಡಿಯಿಂದ ಮುದ್ರೆ ಇರುವ ಒಂದು ಕಿಲೋ ತೂಕದ ಕಲ್ಲನ್ನು ಎರವಲು ತಂದು, ಮುಂದಿನ ಶನಿವಾರದೊಳಗೆ ಮೊದಲು ತಕ್ಕಡಿಯನ್ನೇ ಹತ್ತು ಬಾರಿ ಪರೀಕ್ಷಿಸಿ, ಆಮೇಲೆ ಉಳಿದ 75 ಅಚ್ಚುಗಳನ್ನು ತೂಗುವುದೆಂದು ಅವರೇ ಗೊತ್ತುಮಾಡಿಕೊಂಡಿದ್ದಾರೆ.