ದಡಿ ಇಲ್ಲದ ಬಟ್ಟೆ

"ಏನವ್ವಾ ಇದು, ಎಮ್ಮಿ ಹಾಲಿನ ಕೆನಿ ಇದ್ದಂಗ ಐತಿ!"

ಪುಣೆಯ ಚಿಂಚವಡದಲ್ಲಿ ನಮ್ಮ ಫ್ಲಾಟಿನ ಗ್ಯಾಲರಿ. ಟಬ್ಬಿನ ಮೇಲೆ ಹೊದಿಸಿದ್ದ ಹಳೇ ಧೋತರ ಸರಿಸಿದ್ದೇ ತಡ, ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಗ್ಗಿ ನೋಡಿದರು. ಹದಿನೆಂಟು ದಿನದ ಹುಳಿವಾಸನೆ, ಸುಮ್ಮನೇನಲ್ಲ.

ಟಬ್ಬಿನಲ್ಲಿ ಬಟ್ಟೆ ಬೆಳೆಸುತ್ತಿದ್ದೆ. ಹತ್ತು ಲೀಟರ್ ಸಕ್ಕರೆ ಹಾಕಿದ ಟೀ ಆರಿಸಿ, ಅದಕ್ಕೆ ಗೆಳತಿ ಕೊಟ್ಟ ಕೊಂಬುಚಾದ, ಅಂದರೆ ಹುಳಿ ಬರಿಸಿದ ಟೀಯ, ಹುಳಿನೀರು, ಒಂದು ತುಂಡು ಕೆನೆ ಬಿಟ್ಟಿದ್ದೆ. ಉಳಿದದ್ದು ಕೊಮಗಟೈಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಅದು ಸಕ್ಕರೆ ತಿಂದು ಸೆಲ್ಯುಲೋಸಿನ ಸಣ್ಣ ಸಣ್ಣ ಎಳೆ ಬಿಡುತ್ತದೆ. ಗಾಳಿ ಬೇಕಾದ್ದರಿಂದ ಮೇಲ್ಗಡೆಯೇ ಬೆಳೆದು ಹಾಳೆಯಾಗುತ್ತದೆ. ಟಬ್ಬು ಎಷ್ಟಗಲವೋ ಬಟ್ಟೆಯೂ ಅಷ್ಟಗಲ. ವಿನೆಗರಿನ ಮೇಲೆ ಕಟ್ಟುವ ಈ ಕೆನೆ ಸೆಲ್ಯುಲೋಸ್ ಎಂದು 1886ರಲ್ಲೇ ಎ. ಜೆ. ಬ್ರೌನ್ ಎಂಬ ವಿಜ್ಞಾನಿ ಹೇಳಿದ್ದ. ಹತ್ತಿಯಲ್ಲಿರುವುದೂ ಅದೇ.

ಮೊದಲನೇ ಟಬ್ಬು ಹಸಿರು ಬೂಸ್ಟು ಹಿಡಿದು ಹೋಗಿತ್ತು. ಜಿಪುಣತನ ಮಾಡಿ ಹುಳಿನೀರು ಕಮ್ಮಿ ಹಾಕಿದ್ದೆ. ಹುಳಿ ಸಾಲದಿದ್ದರೆ ಬೂಸ್ಟಿಗೆ ಹಬ್ಬ.

ಕೆನೆಯನ್ನು ಎರಡೂ ಕೈಯಿಂದ ಎತ್ತಿದೆ. ಒಂದು ಬೆರಳು ದಪ್ಪ, ಹಸಿ ಮೀನಿನಂತೆ ಜಾರುವ ಭಾರ. ತೊಳೆದು ಮರದ ಪಾಟಿನ ಮೇಲೆ ಹಾಸಿದೆ. ಅತ್ತೆ ಗುಳೇದಗುಡ್ಡದವರು. ತವರಿನಲ್ಲಿ ಕುಣಿಮಗ್ಗ, ಖಣ ನೇಯ್ದ ಕೈ. ಸುಮ್ಮನಿರುತ್ತಾರೆಯೇ? ಉದ್ದಕ್ಕೆ ಎಳೆದರು, ಅಡ್ಡಕ್ಕೆ ಎಳೆದರು.

"ಇದರಾಗ ಹಾಸು ಯಾವುದು, ಹೊಕ್ಕು ಯಾವುದು?"

"ಎರಡೂ ಇಲ್ಲರೀ ಅತ್ತಿ. ಎಳಿ ಹೆಂಗ ಬೇಕೋ ಹಂಗ ಹೆಣಕೊಂಡಾವ."

"ದಡಿನೂ ಇಲ್ಲ?"

ಇರಲಿಲ್ಲ. ಆಮೇಲೆ ಅಂಚಿನ ಒಂದು ಕಡೆ ಉಗುರು ಹಾಕಿದರು. ಹಾಳೆ ಎರಡು ಪದರವಾಗಿ ಬಿಚ್ಚಿಕೊಂಡಿತು. "ಇಲ್ಲಿ ಯಾರೋ ಕೈ ಆಡಿಸ್ಯಾರ." ನಿಜ. ವಾರದ ಹಿಂದೆ ಮಗ ಚೆಂಡು ಹುಡುಕುತ್ತ ಟಬ್ಬು ಅಲುಗಿಸಿದ್ದ. ಕೆನೆಯ ಆ ಮೂಲೆ ಮುಳುಗಿ, ಅದರ ಮೇಲೆ ಹೊಸದು ಕಟ್ಟಿತ್ತು. ನನಗೆ ಕಾಣದ ತಪ್ಪು ಅವರ ಉಗುರಿಗೆ ಸಿಕ್ಕಿತು.

ಜುಲೈ ಮಳೆ, ಬಿಸಿಲಿನ ಮಾತೇ ಇಲ್ಲ. ಫ್ಯಾನಿನ ಕೆಳಗೆ ಐದು ದಿನ. ಹೆಚ್ಚುಕಡಿಮೆ ಎಲ್ಲಾ ನೀರೇ ಆಗಿದ್ದ ಆ ದಪ್ಪ ಕೆನೆ ಒಣಗಿ ಹಪ್ಪಳದಷ್ಟು ತೆಳ್ಳಗಾಯಿತು, ಬೆಲ್ಲದ ಬಣ್ಣಕ್ಕೆ ತಿರುಗಿತು. ಪಾಟಿನ ಮರದ ಗೆರೆಗಳೆಲ್ಲ ಅದರ ಮೇಲೆ ಅಚ್ಚೊತ್ತಿದ್ದವು, ಒಂದು ಗಂಟು ಸಮೇತ. ಅಂಚು ಕತ್ತರಿಸಿ ಬೇರೆ ಇಟ್ಟುಕೊಂಡಿದ್ದ ಹಸಿ ತುಂಡನ್ನು ಕನ್ನಡಕದ ಡಬ್ಬಿಗೆ ಸುತ್ತಿ, ತುದಿಗಳನ್ನು ಒಂದರ ಮೇಲೊಂದು ಒತ್ತಿ ಒಣಗಿಸಿದ್ದೆ. ಹೊಲಿಗೆ, ಗೋಂದು ಏನೂ ಬೇಡ, ತಾನೇ ಅಂಟಿಕೊಂಡು ಚೀಲವಾಯಿತು. ಈ ಭಾಗ ನನಗೆ ಈಗಲೂ ಜಾದೂ.

ಅತ್ತೆ ಅದರ ಮೇಲೆ ಎರಡು ಹನಿ ನೀರು ಚಿಮುಕಿಸಿದರು. ಆ ಜಾಗ ಉಬ್ಬಿ ಮೆತ್ತಗಾಯಿತು. ಈ ಕೆನೆಯಿಂದ ಜಾಕೆಟ್ ಮಾಡಿದ ಲಂಡನ್ನಿನ ವಸ್ತ್ರವಿನ್ಯಾಸಕಿ ಸುಝಾನ್ ಲೀ ಕೂಡ 2011ರ ಭಾಷಣದಲ್ಲಿ ಮಳೆಯಲ್ಲಿ ನೆನೆದರೆ ಇದು ನೀರು ಕುಡಿದು ಭಾರವಾಗುತ್ತದೆ ಎಂದೇ ಹೇಳಿದ್ದರು. ನಾನು ಜೇನುಮೇಣ, ಕೊಬ್ಬರಿ ಎಣ್ಣೆ ತಿಕ್ಕಿದೆ. ಸ್ವಲ್ಪ ತಡೆಯಿತು, ಪೂರ್ತಿ ಅಲ್ಲ.

ಚೀಲ ಈಗ ಅತ್ತೆಯದೇ. ಗುಡಿಗೆ ಹೋಗುವಾಗ ಕನ್ನಡಕ ಅದರಲ್ಲೇ. ಮಳೆ ಕಂಡರೆ ಮಾತ್ರ, ತೊಳೆದು ಒಣಗಿಸಿಟ್ಟ ಹಾಲಿನ ಪ್ಲಾಸ್ಟಿಕ್ ಪಾಕೀಟಿನೊಳಗೆ ಅದನ್ನು ಭದ್ರವಾಗಿ ಸುತ್ತಿಕೊಂಡು ಹೊರಡುತ್ತಾರೆ.