ಕ್ರಿಮಿನಲ್ ಜಸ್ಟೀಸ್ ಓದೋಕೆ ದುಡ್ಡು ಎಲ್ಲಿ ಸಿಗುತ್ತೆ: ನಮ್ಮ ಚಿಂತಾಮಣಿ ಕಡೆಯ ಮಕ್ಕಳಿಗೆ

"ಅಕ್ಕಾ, ಕ್ರಿಮಿನಲ್ ಜಸ್ಟೀಸ್ ಓದೋಕೆ ಸ್ಕಾಲರ್‌ಶಿಪ್ ಸಿಗುತ್ತಾ?" ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯಿಂದ ಈ ಮೆಸೇಜ್ ಆಗಾಗ ಬರುತ್ತದೆ. ಬಂದಾಗಲೆಲ್ಲ ಖುಷಿಯಾಗುತ್ತದೆ. ನಮ್ಮ ಕಡೆ ಫಾರಿನ್ ಓದು ಅಂದರೆ ಎಂಜಿನಿಯರಿಂಗ್ ಒಂದೇ ಅನ್ನುವ ಹಾಗಿತ್ತು. ಈಗ ಠಾಣೆ, ಕೋರ್ಟು, ಜೈಲು ಹೇಗೆ ನಡೆಯುತ್ತವೆ ಅಂತ ಓದೋಕೆ ಹೊರಡುವವರೂ ಇದ್ದಾರೆ. ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ಸಿಗುತ್ತದೆ. ಆದರೆ ಆ ಹೆಸರಿಟ್ಟು ಹುಡುಕಿದರೆ ಕೈಗೆ ಬರುವುದು ಉದ್ದುದ್ದ ಪಟ್ಟಿಗಳು ಮಾತ್ರ. ಅದರಲ್ಲಿ ಎಷ್ಟೋ ಅಮೆರಿಕದ ಪ್ರಜೆಗಳಿಗೆ ಅಥವಾ ಗ್ರೀನ್ ಕಾರ್ಡ್ ಇರುವವರಿಗೆ ಮೀಸಲು. ಇನ್ನು ಕೆಲವು, ಅಲ್ಲಿನ ಪೊಲೀಸ್ ಸಂಘಗಳು ತಮ್ಮ ಊರಿನ ಮಕ್ಕಳಿಗೆ ಕೊಡುವ ಸಣ್ಣ ಮೊತ್ತ. ಅದಕ್ಕೇ ಮೊದಲು ಯಾರು ಅರ್ಜಿ ಹಾಕಬಹುದು ಅನ್ನುವ ಸಾಲು ಓದಿ. ಉಳಿದದ್ದು ಆಮೇಲೆ.

ಅಮೆರಿಕದಲ್ಲಿ ನಿಜವಾದ ದುಡ್ಡು ಇರುವುದು ಡಿಪಾರ್ಟ್‌ಮೆಂಟಿನ ಒಳಗೆ. ಅದನ್ನು ಅಸಿಸ್ಟೆಂಟ್‌ಶಿಪ್ ಅನ್ನುತ್ತಾರೆ. ನಾನಿರುವುದು ಮಿಷಿಗನ್‌ನ ಈಸ್ಟ್ ಲ್ಯಾನ್ಸಿಂಗ್‌ನಲ್ಲಿ. ಇಲ್ಲಿನ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ 1935ರಿಂದಲೇ ಈ ವಿಷಯ ಕಲಿಸುತ್ತಿದ್ದಾರೆ. ವಿದ್ಯಾರ್ಥಿ ವೀಸಾದಲ್ಲಿ ಬಂದವರು ಕಾಲೇಜು ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆವರೆಗೆ ಕೆಲಸ ಮಾಡಬಹುದು. ಪ್ರೊಫೆಸರ್ ಜೊತೆ ರಿಸರ್ಚ್, ಇಲ್ಲವೇ ಡಿಗ್ರಿ ಮಕ್ಕಳಿಗೆ ಪಾಠ, ಪೇಪರ್ ತಿದ್ದುವುದು. ಅದಕ್ಕೆ ಬದಲಾಗಿ ಫೀಸು ಮಾಫಿ ಆಗುತ್ತದೆ, ತಿಂಗಳ ಖರ್ಚಿಗೆ ಸ್ಟೈಪೆಂಡ್ ಬರುತ್ತದೆ, ಬಹಳ ಕಡೆ ಆರೋಗ್ಯ ವಿಮೆಯೂ ಇರುತ್ತದೆ. ಪಿಎಚ್‌ಡಿಗೆ ಸೀಟು ಸಿಕ್ಕರೆ ಸಾಮಾನ್ಯವಾಗಿ ಇದೂ ಜೊತೆಗೇ ಬರುತ್ತದೆ. ಮಾಸ್ಟರ್ಸ್‌ಗೆ ಕಡಿಮೆ. ಸ್ವಂತ ಫೀಸು ಕಟ್ಟುವ ಮಾಸ್ಟರ್ಸ್‌ಗೆ ಅಪ್ಪ ಅಮ್ಮ ಜಮೀನು ಅಡ ಇಡುವ ಮುಂಚೆ, ಡಿಪಾರ್ಟ್‌ಮೆಂಟಿಗೆ ಒಂದು ಇಮೇಲ್ ಹಾಕಿ ನೇರವಾಗಿ ಕೇಳಿ: ಹೊರದೇಶದ ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ಅಸಿಸ್ಟೆಂಟ್‌ಶಿಪ್ ಇದೆಯಾ? ಅರ್ಜಿ ಶುಲ್ಕ ಮಾಫಿ ಮಾಡುತ್ತೀರಾ? ಹೀಗೆ ಕೇಳಿದರೆ ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನು ಅರ್ಜಿಯ ಜೊತೆ, ಇದನ್ನೇ ಯಾಕೆ ಓದಬೇಕು ಅಂತ ಬರೆಯುವ ಸ್ಟೇಟ್‌ಮೆಂಟ್. ಇದಕ್ಕೆ ಜಾಸ್ತಿ ಹೊತ್ತು ಕೊಡಿ ಅಂತ ಕೈಮುಗಿದು ಹೇಳುತ್ತೇನೆ. ನನಗೆ ಬರುವ ಕರಡುಗಳಲ್ಲಿ ಎಲ್ಲರೂ "ಚಿಕ್ಕಂದಿನಿಂದ ನ್ಯಾಯದ ಬಗ್ಗೆ ಆಸಕ್ತಿ" ಅಂತ ಶುರು ಮಾಡುತ್ತಾರೆ. ನಮ್ಮ ತಾಲ್ಲೂಕಿನವರಿಗೆ ಅಂಥ ಮಾತು ಯಾಕೆ ಬೇಕು? ಕಂಬಾಲಪಲ್ಲಿ ನಮ್ಮ ತಾಲ್ಲೂಕಿನದೇ ಊರು. 2000ದ ಮಾರ್ಚ್ 11ರಂದು ಅಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ. ಕೋರ್ಟಿನಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ನಾನು ಬರೆದದ್ದು ಇದನ್ನೇ. ಠಾಣೆಯಲ್ಲಿ ಹೇಳಿಕೆ ಕೊಟ್ಟ ದಿನದಿಂದ ಕಟಕಟೆ ಹತ್ತುವ ದಿನದವರೆಗೆ ಒಬ್ಬ ಸಾಕ್ಷಿಗೆ ಏನೇನಾಗುತ್ತದೆ? ಅದೇ ಊರಲ್ಲಿ ಕೂಲಿಗೆ ಹೋಗಬೇಕು, ಅದೇ ಬೀದಿಯಲ್ಲಿ ನೀರು ತರಬೇಕು. ಅಂಥವರು ಆರು ವರ್ಷ ಗಟ್ಟಿಯಾಗಿ ನಿಲ್ಲೋಕೆ ಯಾರ ಆಸರೆ ಬೇಕು? ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟಿದ್ದು 2018ರ ಡಿಸೆಂಬರ್‌ನಲ್ಲಿ. ವಿಡಿಯೋ ಇಂಟರ್‌ವ್ಯೂನಲ್ಲಿ ಪ್ರೊಫೆಸರ್ ನನ್ನ ಮಾರ್ಕ್ಸ್ ಬಗ್ಗೆ ಹೆಚ್ಚು ಕೇಳಲಿಲ್ಲ. ಸಾಕ್ಷಿಗೂ ಆರೋಪಿಗೂ ಒಂದೇ ಬೋರ್‌ವೆಲ್ ಅಂದರೆ ಏನು ಅಂತ ಬಿಡಿಸಿ ಬಿಡಿಸಿ ಕೇಳಿದರು. ನೀವೂ ನಿಮ್ಮ ಸುತ್ತ ನೋಡಿ. ಕೋಲಾರದವರಿಗೆ ಕೆಜಿಎಫ್ ಇದೆ: ಕಂದಾಯಕ್ಕೆ ಕೋಲಾರ ಜಿಲ್ಲೆ, ಪೊಲೀಸ್ ಲೆಕ್ಕಕ್ಕೆ ಬೇರೆಯೇ ಜಿಲ್ಲೆ, ಬೇರೆ ಎಸ್‌ಪಿ. ಗಣಿ ಮುಚ್ಚಿದ್ದು 2001ರಲ್ಲಿ. ಆಮೇಲೂ ಆ ವ್ಯವಸ್ಥೆ ಉಳಿದಿದೆ. ಒಂದು ಥೀಸಿಸ್‌ಗೆ ಸಾಲುವಷ್ಟು ವಿಷಯ ಅದು, ಅಲ್ವಾ?

ಇಂಗ್ಲೆಂಡಿಗೆ ಹೋಗುವವರು ಬ್ರಿಟನ್ ಸರ್ಕಾರದ ಚೀವ್‌ನಿಂಗ್ ಸ್ಕಾಲರ್‌ಶಿಪ್ ನೋಡಿ. ಒಂದು ವರ್ಷದ ಮಾಸ್ಟರ್ಸ್‌ಗೆ ಪೂರ್ತಿ ಖರ್ಚು ಕೊಡುತ್ತಾರೆ, ಕ್ರಿಮಿನಾಲಜಿಗೂ (ಅಪರಾಧಶಾಸ್ತ್ರ) ಅರ್ಜಿ ಹಾಕಬಹುದು. 2,800 ಗಂಟೆ ಕೆಲಸದ ಅನುಭವ ಬೇಕು. ಸಂಬಳವಿಲ್ಲದ ಕೆಲಸ, ಇಂಟರ್ನ್‌ಶಿಪ್ ಕೂಡ ಲೆಕ್ಕಕ್ಕೆ ಬರುತ್ತದೆ. ಚಿಂತಾಮಣಿ ಕೋರ್ಟಿನಲ್ಲಿ ಜೂನಿಯರ್ ಆಗಿ ಫೈಲು ಹೊತ್ತವರು ಆ ದಿನಗಳನ್ನು ಬರೆದಿಟ್ಟುಕೊಳ್ಳಿ. ಓದು ಮುಗಿದ ಮೇಲೆ ನಮ್ಮ ದೇಶಕ್ಕೆ ವಾಪಸ್ ಬಂದು ಎರಡು ವರ್ಷ ಇರಬೇಕು. ನನಗಂತೂ ಆ ಷರತ್ತು ಇಷ್ಟ.

ಎಸ್‌ಸಿ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಅಲೆಮಾರಿ ಸಮುದಾಯಗಳು, ಭೂಮಿಯಿಲ್ಲದ ಕೃಷಿ ಕೂಲಿಕಾರರು, ಕುಶಲಕರ್ಮಿಗಳ ಮಕ್ಕಳಿಗೂ ಅದರಲ್ಲಿ ಪಾಲಿದೆ. ಒಟ್ಟು 125 ಸೀಟು, ಮನೆಯ ಆದಾಯ ವರ್ಷಕ್ಕೆ 8 ಲಕ್ಷ ಮೀರಬಾರದು. ಒಂದು ವಿಷಯ ಗಮನಿಸಿ. 2022ರಲ್ಲಿ ಇದಕ್ಕೊಂದು ಷರತ್ತು ಸೇರಿಸಿದರು: ಭಾರತದ ಸಂಸ್ಕೃತಿ, ಇತಿಹಾಸ, ಭಾರತದ ಸಮಾಜದ ಮೇಲಿನ ಅಧ್ಯಯನಕ್ಕೆ ಇದು ಸಿಗುವುದಿಲ್ಲ. ಅಂದರೆ ಕಂಬಾಲಪಲ್ಲಿಯಂಥ ವಿಷಯ ಇಟ್ಟುಕೊಂಡು ಹೋದರೆ ಅರ್ಜಿ ಅಲ್ಲೇ ನಿಲ್ಲಬಹುದು. ಯಾರಿಗೆ ಈ ಪ್ರಶ್ನೆಗಳು ಸುಡುತ್ತವೋ ಅವರಿಗೇ ಬಾಗಿಲು ಮುಚ್ಚಿದ ಹಾಗಾಯಿತು. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಅರ್ಜಿ ಹಾಕುವ ವರ್ಷದ ನಿಯಮಾವಳಿ ಪೂರ್ತಿ ಓದಿ ವಿಷಯ ಆರಿಸಿಕೊಳ್ಳಿ. ಹೊರದೇಶದ ಓದಿಗೆ ನೆರವು ಕೊಡುವ, ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ ವಿಚಾರಿಸಿ.

ಸ್ಕಾಲರ್‌ಶಿಪ್ ಕೊಡಿಸುತ್ತೇವೆ ಅಂತ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ಚೀವ್‌ನಿಂಗ್‌ಗೆ ಅರ್ಜಿ ಹಾಕೋಕೆ ಒಂದು ಪೈಸೆ ಶುಲ್ಕವಿಲ್ಲ.

ಅಮೆರಿಕದಲ್ಲಿ ಆಗಸ್ಟಿಗೆ ಕ್ಲಾಸು ಶುರುವಾಗುವ ಕೋರ್ಸ್‌ಗಳಲ್ಲಿ ಫಂಡಿಂಗ್ ಬೇಕಾದವರಿಗೆ ಬಹಳ ಕಡೆ ಹಿಂದಿನ ಡಿಸೆಂಬರ್, ಜನವರಿಗೇ ಕೊನೆಯ ದಿನ. ಟ್ರಾನ್ಸ್‌ಕ್ರಿಪ್ಟ್‌ಗೆ, ಅಂದರೆ ಯೂನಿವರ್ಸಿಟಿ ಕೊಡುವ ಅಧಿಕೃತ ಅಂಕಪಟ್ಟಿಗೆ, ಬೇಸಿಗೆಯಲ್ಲೇ ಅರ್ಜಿ ಹಾಕಿ. ಶಿಫಾರಸು ಪತ್ರವನ್ನು ನಿಮ್ಮ ಕೆಲಸ ಕಣ್ಣಾರೆ ನೋಡಿದ ಮೇಷ್ಟ್ರ ಹತ್ತಿರವೇ ಬರೆಸಿ, ಸುಮ್ನೆ ದೊಡ್ಡ ಹುದ್ದೆಯವರ ಸಹಿಗಾಗಿ ಅಲೆಯಬೇಡಿ. ಸ್ಟೇಟ್‌ಮೆಂಟಿನ ಮೊದಲ ಕರಡು ಇಂಗ್ಲಿಷಿನಲ್ಲಿ ಬರುತ್ತಿಲ್ಲ ಅಂದರೆ ಕನ್ನಡದಲ್ಲೇ ಬರೆದು ಕಳಿಸಿ. ಓದಿ ಹೇಳುತ್ತೇನೆ.